ಮೂರನೇ ಸಾಲಿನ ಸೊಸೆ

ನನ್ನ ನೆಗೆಣ್ಣಿ ಸುಲಭಾಳ ಸೊಂಟವನ್ನು ನಾನು ನೋಡಿದಷ್ಟು ಅವಳ ಗಂಡನೂ ನೋಡಿರಲಿಕ್ಕಿಲ್ಲ. ಅವಳು ಎದ್ದರೆ ನನ್ನ ಕಣ್ಣು ಅಲ್ಲಿ, ಕೂತರೆ ಅಲ್ಲಿ, ಕೊಡ ಹೊತ್ತು ಹಿತ್ತಲಿನಿಂದ ಒಳಗೆ ಬಂದರೆ ಆಗಲೂ ಅಲ್ಲಿಯೇ. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ಹೊಟ್ಟೆಕಿಚ್ಚೇ ಅದು, ಮುಚ್ಚಿಡುವುದೇನಿದೆ? ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷ ದೀಪಾವಳಿಯ ಪಾಡ್ಯದ ದಿನ ನಮ್ಮ ಅತ್ತೆ ಲೀಲಾಬಾಯಿ ದೇವರ ಮನೆಯ ಪೆಟ್ಟಿಗೆಯಿಂದ ಬಂಗಾರದ ಡಾಬು ತೆಗೆದರು. ಆವತ್ತಿನಿಂದ ನಮ್ಮ ಆಳಂದದ ಮನೆಯಲ್ಲಿ ನನಗೆ ನೋಡಲಿಕ್ಕೆ ಬೇರೇನೂ ಉಳಿಯಲಿಲ್ಲ.

ಡಾಬು ಎಂದರೆ ಸೊಂಟಪಟ್ಟಿ. ನಮ್ಮ ಅತ್ತೆಯ ಅತ್ತೆಯ ಕಾಲದ್ದು. ಎರಡು ಬೆರಳಗಲದ ಬಂಗಾರದ ಬಿಲ್ಲೆಗಳನ್ನು ಕೊಂಡಿಯಿಂದ ಕೊಂಡಿಗೆ ಸೇರಿಸಿ, ಹೊಕ್ಕುಳ ಮೇಲೆ ಬರುವಂತೆ ಒಂದು ನವಿಲು ಕೂಡಿಸಿದ್ದರು. ಮನೆತನದಲ್ಲಿ ಯಾರದೇ ಮದುವೆಯಾಗಲಿ, ಡಾಬು ಕಟ್ಟಿದ ಸೊಸೆ ಆರತಿ ತಟ್ಟೆ ಹಿಡಿದು ಎಲ್ಲರಿಗಿಂತ ಮುಂದೆ ನಡೆದು ಬೀಗರನ್ನು ಎದುರುಗೊಳ್ಳಬೇಕು. ಲೀಲಾಬಾಯಿಯ ನಂತರ ಈ ಮನೆ ಯಾರ ಕೈಗೆ ಹೋಗುತ್ತದೆ ಎಂಬುದು ನೋಡಿದವರಿಗೆಲ್ಲ ಅಷ್ಟರಲ್ಲೇ ತಿಳಿಯುತ್ತದೆ. ನಾನು ಹಿರಿಯ ಸೊಸೆ, ವತ್ಸಲಾಬಾಯಿ, ವ್ಯಂಕಟೇಶ ವಕೀಲರ ಹೆಂಡತಿ. ಮದುವೆಯಾಗಿ ಬಂದ ವರ್ಷದಿಂದ ಡಾಬು ನನ್ನ ಸೊಂಟಕ್ಕೇ ಇತ್ತು. ನಡುವೆ ಎರಡು ಗಂಡು ಹೆತ್ತೆ. ಸುಲಭಾಳ ಮದುವೆಯ ನಂತರ ಮನೆತನದಲ್ಲಿ ಬೇರೆ ಮದುವೆಯೇ ಆಗಲಿಲ್ಲ, ಡಾಬು ಪೆಟ್ಟಿಗೆಯಲ್ಲಿ ಮಲಗಿತ್ತು.

ಈಗ ಅಫಜಲಪುರದಲ್ಲಿ ನಮ್ಮ ನಾದಿನಿಯ ಮಗಳ ಮದುವೆ ಗೊತ್ತಾಗಿತ್ತು. ಹುಡುಗ ಸೊಲ್ಲಾಪುರದವನು. ಆ ಕಡೆ ಸ್ವಾತಂತ್ರ್ಯ ಬಂತೆಂದು ಪೇಢೆ ಹಂಚಿದ್ದರು. ನಮ್ಮ ಕಡೆ ಇನ್ನೂ ನಿಜಾಮರ ರಾಜ್ಯ, ಓಣಿಯಲ್ಲಿ ರಝಾಕಾರರ ಕವಾಯತು. ಕಾಲ ಇನ್ನೂ ಕೆಡುವ ಮೊದಲು ಫಾಲ್ಗುಣದಲ್ಲೇ ಅಕ್ಷತೆ ಹಾಕಿಬಿಡೋಣ ಎಂದು ಎರಡೂ ಕಡೆಯವರು ಅವಸರ ಮಾಡಿದ್ದರು. ಅದಕ್ಕೇ ಪಾಡ್ಯದ ದಿನ ಡಾಬು ಹೊರಗೆ ಬಂತು. ಅತ್ತೆ ನನ್ನನ್ನು ಕರೆದು ಸೊಂಟಕ್ಕೆ ಸುತ್ತಿದರು. ಎಳೆದರು. ಉಸಿರು ಒಳಗೆ ತೊಗೊ ಎಂದರು. ತೊಗೊಂಡೆ. ಕಣ್ಣಿಗೆ ಕತ್ತಲೆ ಬಂತೇ ಹೊರತು ಕೊಕ್ಕೆಗೂ ಕೊಂಡಿಗೂ ನಡುವೆ ನಾಲ್ಕು ಬೆರಳು ಜಾಗ ಹಾಗೇ ಉಳಿಯಿತು. ಪತ್ತಾರನನ್ನು ಕರೆಸಿ ಎರಡು ಬಿಲ್ಲೆ ಸೇರಿಸಿದರಾಯಿತು ಎಂದು ನಾನೇ ಬಾಯಿಬಿಟ್ಟು ಹೇಳಿದೆ.

“ಪತ್ತಾರನ ಕೈ ಈ ಡಾಬಿಗೆ ತಾಗಂಗಿಲ್ಲ,” ಎಂದರು ಅತ್ತೆ. “ಸೊಂಟ ಡಾಬಿಗೆ ಬರಬೇಕು. ಡಾಬು ಸೊಂಟಕ್ಕ ಬರಂಗಿಲ್ಲ.”

ಅಷ್ಟು ಹೇಳಿ ಸುಮ್ಮನಾಗಿದ್ದರೆ ನಾನೂ ಸುಮ್ಮನಾಗುತ್ತಿದ್ದೆ. ಅಲ್ಲೇ ದೀಪಕ್ಕೆ ಬತ್ತಿ ಹೊಸೆಯುತ್ತ ಕೂತಿದ್ದ ಸುಲಭಾಳನ್ನು ಕರೆದು ಅವಳಿಗೆ ಸುತ್ತಿದರು. ಕಟ್ ಎಂದು ಕೊಕ್ಕೆ ಬಿತ್ತು. ಮೇಲೆ ಎರಡು ಬೆರಳು ಆಡುವಷ್ಟು ಸಡಿಲ. ಜೇವರ್ಗಿಯಿಂದ ಬಂದ ಹುಡುಗಿ, ನನ್ನ ಮೈದುನ ವಾಮನನ ಹೆಂಡತಿ, ಮನೆಗೆ ಬಂದು ನಾಲ್ಕು ವರ್ಷ ಆಗಿಲ್ಲ. ನವಿಲು ಅವಳ ಹೊಟ್ಟೆಯ ಮೇಲೆ ತಣ್ಣಗೆ ಕೂತಿತು. ಫಾಲ್ಗುಣದಲ್ಲಿ ಮತ್ತೊಮ್ಮೆ ಇಬ್ಬರಿಗೂ ಸುತ್ತಿ ನೋಡುತ್ತೇನೆ, ಯಾರ ಸೊಂಟಕ್ಕೆ ಕೊಕ್ಕೆ ಬೀಳುತ್ತದೋ ಅವರು ಕಟ್ಟಲಿ ಎಂದು ಅತ್ತೆ ತೀರ್ಪು ಕೊಟ್ಟರು. ನಾನು ಒಳಗೆ ಹೋಗಿ ಹೂವಿನ ದಾರ ತಂದೆ. ಡಾಬನ್ನು ಒರೆಸಿಡುತ್ತೇನೆ ಎಂದು ಸುಳ್ಳು ಹೇಳಿ ಅದರ ಉದ್ದಕ್ಕೆ ದಾರ ಹಿಡಿದು ಎರಡೂ ತುದಿಗೆ ಗಂಟು ಹಾಕಿಕೊಂಡೆ. ಆ ದಾರವನ್ನು ತುಳಸಿ ಕಟ್ಟೆಯ ಗೂಡಿನಲ್ಲಿ ಬಚ್ಚಿಟ್ಟೆ.

ಹಬ್ಬಕ್ಕೆ ಸೊಲ್ಲಾಪುರದಿಂದ ಶ್ರೀಪಾದನೂ ಬಂದಿದ್ದ. ನಮ್ಮವರ ಸೋದರತ್ತೆಯ ಮಗ, ಅಲ್ಲಿ ಡಾಕ್ಟರು. ನನ್ನ ಗಂಡುಮಕ್ಕಳಿಬ್ಬರೂ ಅವನ ಮನೆಯಲ್ಲಿದ್ದೇ ಓದುತ್ತಿದ್ದರು, ಅವರನ್ನು ಕರೆದುಕೊಂಡು ಬಂದಿದ್ದ. ಮೈ ಇಳಿಸಲು ಏನಾದರೂ ಔಷಧ ಕೊಡು ಎಂದು ಪಡಸಾಲೆಯಲ್ಲಿ ಎಲ್ಲರೂ ಕೂತಾಗಲೇ ಅವನನ್ನು ಕೇಳಿದೆ. ಅದೇ ನನ್ನ ತಪ್ಪು. ಔಷಧವಿಲ್ಲ, ಲೆಕ್ಕವಿದೆ ಎಂದು ಶುರು ಮಾಡಿದ. ನಾವು ತಿನ್ನುವ ಪ್ರತಿಯೊಂದು ತುತ್ತಿನಲ್ಲೂ ಇಷ್ಟು ಕ್ಯಾಲರಿ ಎಂದು ಶಾಖ ಇರುತ್ತದಂತೆ. ಮೈ ದುಡಿದಷ್ಟು ಅದು ಖರ್ಚಾಗುತ್ತದೆ, ಮಿಕ್ಕಿದ್ದು ಕೊಬ್ಬಾಗಿ ಕೂಡುತ್ತದೆ. ಖರ್ಚಿಗಿಂತ ಒಂದಿಷ್ಟು ಕಡಿಮೆ ಉಂಡರೆ ಮೈ ಇಳಿಯುತ್ತದೆ. ಆದರೆ ಒಬ್ಬೊಬ್ಬರ ಖರ್ಚು ಒಂದೊಂದು ತರ, ಅದಕ್ಕಾಗಿ ಮೂರು ಸಾಲು ಮಾಡಿದ್ದಾರೆ ಎಂದ. ಕೂತು ಕೆಲಸ ಮಾಡುವವರದು ಮೊದಲನೆಯ ಸಾಲು. ಓಡಾಡಿ ಮಾಡುವವರದು ಎರಡನೆಯದು. ಮೈಮುರಿದು ದುಡಿಯುವವರದು ಮೂರನೆಯದು.

“ವೈನಿ, ಖರೇ ಹೇಳ್ರಿ. ದಿನಾ ನೀವು ಮಾಡೋ ಕೆಲಸ ಯಾವ ಸಾಲಿಗೆ ಬರ್ತದ? ಸಾಲು ತಪ್ಪಿತಂದ್ರ ಮುಂದಿನ ಲೆಕ್ಕ ಎಲ್ಲಾ ತಪ್ತದ.”

ಪಡಸಾಲೆಯಲ್ಲಿ ನಮ್ಮವರಿದ್ದರು, ವಾಮನನಿದ್ದ, ಅತ್ತೆ ಇದ್ದರು, ಬಾಗಿಲ ಹಿಂದೆ ಅವಳಿದ್ದಳು. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಮೂರನೆಯದು ಎಂದೆ. ಸುಳ್ಳು ಹೇಳಿದೆ ಅಂದುಕೊಳ್ಳಬೇಡಿ, ಆಗ ನನಗೆ ಅದೇ ಸತ್ಯ. ನಮ್ಮದು ಕಟ್ಟಾ ಮಡಿಯ ಮನೆ. ಬೆಳಗ್ಗೆ ಸ್ನಾನ ಮಾಡಿ ಮಡಿಸೀರೆ ಉಟ್ಟು ಒಲೆಯ ಮುಂದೆ ಕೂತೆನೆಂದರೆ ದೇವರ ನೈವೇದ್ಯ ಆಗಿ ಗಂಡಸರ ಊಟ ಮುಗಿಯುವವರೆಗೆ ನನ್ನನ್ನು ಯಾರೂ ಮುಟ್ಟುವ ಹಾಗಿಲ್ಲ, ನಾನು ಏನನ್ನೂ ಮುಟ್ಟುವ ಹಾಗಿಲ್ಲ. ಒಂದು ತೊಟ್ಟು ನೀರು ಬಾಯಿಗೆ ಬಿಡುವ ಹಾಗಿಲ್ಲ. ಬೆವರು ಕಿವಿಯ ಹಿಂದಿನಿಂದ ಹರಿದು ಸೀರೆ ಒದ್ದೆಯಾಗುತ್ತದೆ. ಮನೆಗೆ ಬಂದ ಹೆಂಗಸರೆಲ್ಲ, ಅಯ್ಯೋ ವತ್ಸಲಾಬಾಯಿ, ಎಷ್ಟು ಕಷ್ಟದ ಕೆಲಸ ನಿನ್ನದು ಎಂದು ಲೊಚಗುಟ್ಟುತ್ತಾರೆ. ಬಾವಿಯಿಂದ ಮಡಿನೀರು ಸೇದುವುದು, ಜೋಳ ಬೀಸುವುದು, ಕಟ್ಟಿಗೆ ಒಟ್ಟುವುದು, ಒಳ್ಳಿನಲ್ಲಿ ಕುಟ್ಟುವುದು ಎಲ್ಲ ಕಿರಿಯ ಸೊಸೆಯದು. ಅದು ಮೇಲಿನ ಕೆಲಸ. ಮೇಲಿನ ಕೆಲಸವನ್ನು ಮಡಿ ಅಡುಗೆಯ ಜೊತೆ ಯಾರಾದರೂ ತೂಗುತ್ತಾರೆಯೇ? ಗಿರಣಿಯ ಹಿಟ್ಟು ಅತ್ತೆಗೆ ನಡೆಯುತ್ತಿರಲಿಲ್ಲ, ಹಾಗಾಗಿ ಬೀಸುವುದು ದಿನವೂ ಇತ್ತು.

ಶ್ರೀಪಾದ ತಮಾಷೆಗೆ ಬಾಗಿಲ ಕಡೆ ತಿರುಗಿ ಸುಲಭಾಳನ್ನೂ ಕೇಳಿದ. ಆಕೆ ಹೊಸ್ತಿಲಿಗೆ ಬಂದು ತಲೆ ತಗ್ಗಿಸಿ, “ನಂದೇನದರಿ, ಬರೇ ಮನಿಕೆಲಸ. ಮೊದಲನೇ ಸಾಲಽ ಇರಬೇಕು,” ಎಂದಳು.

ನನ್ನ ಮೈಯೆಲ್ಲ ಉರಿಯಿತು. ಅವಳ ಆ ತಗ್ಗಿದ ತಲೆ ನೋಡಿ ನಮ್ಮವರು ನಕ್ಕರು. ಅದು ಮೆಚ್ಚಿಗೆಯ ನಗು, ನನಗೆ ಗೊತ್ತಿಲ್ಲದ್ದೇ? ಹದಿನೈದು ವರ್ಷದಿಂದ ಆ ಗಂಡಸಿನ ನಗು ಕಾಣುತ್ತಿದ್ದೇನೆ. ನಾನು ಮೂರನೆಯದು ಅಂದಾಗ ಅವರು ನಗಲಿಲ್ಲ, ಮೀಸೆ ತಿಕ್ಕಿಕೊಂಡರು. ಶ್ರೀಪಾದ ಮೂರನೆಯ ಸಾಲಿಗೆ ಇಷ್ಟು ಭಕ್ಕರಿ, ಇಷ್ಟು ಬೇಳೆ, ಇಷ್ಟು ತುಪ್ಪ ಎಂದು ಹೇಳಿ, ಅದರಲ್ಲಿ ಒಂದು ಭಕ್ಕರಿ ಕಳೆದು, ಹೀಗೇ ಉಣ್ಣಿರಿ, ಫಾಲ್ಗುಣದೊಳಗೆ ಡಾಬು ಕೂಡುತ್ತದೆ ಎಂದು ಭರವಸೆ ಕೊಟ್ಟು ಹುಡುಗರನ್ನು ಕರೆದುಕೊಂಡು ಸೊಲ್ಲಾಪುರಕ್ಕೆ ಹೋದ.

ಅವನು ಹೇಳಿದ ಹಾಗೇ ಉಂಡೆ. ಒಂದು ತುತ್ತು ಹೆಚ್ಚಿಲ್ಲ. ನಿಜ ಹೇಳಬೇಕೆಂದರೆ, ನಾನು ಮೊದಲು ಉಣ್ಣುತ್ತಿದ್ದದ್ದಕ್ಕಿಂತ ಅವನ ಲೆಕ್ಕದ ಊಟವೇ ಜಾಸ್ತಿ ಇತ್ತು. ಡಾಕ್ಟರನೇ ಹೇಳಿದ ಮೇಲೆ ಬಿಡುವುದೇಕೆ ಎಂದು ಉಣ್ಣುತ್ತಿದ್ದೆ. ಕಾರ್ತಿಕದ ಕೊನೆಗೆ ಗೂಡಿನಿಂದ ದಾರ ತೆಗೆದು ಸುತ್ತಿಕೊಂಡು ನೋಡಿದರೆ ನಾಲ್ಕು ಬೆರಳಿನ ಜಾಗ ಆರು ಬೆರಳು ಆಗಿತ್ತು. ಆವತ್ತು ದಾರವನ್ನು ಒಲೆಗೆ ಹಾಕುವುದೊಂದು ಉಳಿದಿತ್ತು.

ಮಾರ್ಗಶಿರದಲ್ಲಿ ಶ್ರೀಪಾದ ಕಲಬುರ್ಗಿಗೆ ಹೋಗುವ ದಾರಿಯಲ್ಲಿ ಒಂದು ಹಗಲು ನಮ್ಮಲ್ಲಿ ಇಳಿದುಕೊಂಡ. ನಿನ್ನ ಲೆಕ್ಕ ಸುಟ್ಟಿತು ಎಂದು ಅವನನ್ನು ಬಾಯಿಗೆ ಬಂದ ಹಾಗೆ ಅಂದೆ. ಅವನು ಸಿಟ್ಟಾಗಲಿಲ್ಲ. ಅಡುಗೆಮನೆಯ ಹೊಸ್ತಿಲ ಆಚೆ ಮಣೆ ಹಾಕಿಸಿಕೊಂಡು ಬೆಳಗಿನಿಂದ ಊಟದ ಹೊತ್ತಿನವರೆಗೆ ಪೇಪರು ಓದುತ್ತ ಕೂತ. ಓದುವುದು ನೆವ, ನೋಡುತ್ತಿದ್ದದ್ದು ನಮ್ಮನ್ನು. ನಾನು ಒಲೆಯ ಮುಂದೆ. ನೀರು ಎಂದರೆ ಸುಲಭಾ ನೀರು ತಂದಿಟ್ಟಳು. ಕಟ್ಟಿಗೆ ಎಂದರೆ ಕಟ್ಟಿಗೆ. ಹಿಟ್ಟು ಕಡಿಮೆ ಬಿತ್ತೆಂದರೆ ಹೋಗಿ ಬೀಸುಕಲ್ಲಿನ ಮುಂದೆ ಕೂತಳು. ಊಟ ಮುಗಿದ ಮೇಲೆ ಶ್ರೀಪಾದ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದ.

“ಬೆವರು ಒಲೀದು, ವೈನಿ, ನಿಮ್ಮ ಮೈದಲ್ಲ. ಬೆಂಕಿ ಮುಂದ ಕೂತ್ರ ಯಾರಿಗೂ ಬೆವರು ಬರ್ತದ. ಮುಂಜಾನಿಂದ ನೀವು ಎದ್ದು ನಿಂತದ್ದು ನಾ ಕಾಣಲಿಲ್ಲ. ನಿಮ್ಮದು ಮೊದಲನೇ ಸಾಲು. ಅಷ್ಟಽ ಉಣ್ರಿ. ಇಲ್ಲಾಂದ್ರ ಮೂರನೇ ಸಾಲಿನಷ್ಟು ದುಡೀರಿ.”

ಮಡಿಯ ಹಿರಿತನವನ್ನೇ ದುಡಿಮೆ ಎಂದು ಹಿಡಿದಿದ್ದೆ, ಅಷ್ಟೇ ಆದದ್ದು. ಶ್ರೀಪಾದನ ಲೆಕ್ಕಕ್ಕೆ ಮಡಿ ಗೊತ್ತಿರಲಿಲ್ಲ. ಮೊದಲನೆಯ ಸಾಲಿಗೆ ಇಳಿದು ಕಡಿಮೆ ಉಂಡರೆ ತೀರುತ್ತಿತ್ತು, ಅದು ನನಗೂ ತಿಳಿಯುತ್ತಿತ್ತು. ಆದರೆ ಇಳಿಯುವುದು ಹೇಗೆ? ಮರುದಿನ ನನ್ನ ತಾಟಿನಲ್ಲಿ ಭಕ್ಕರಿ ಕಡಿಮೆ ಕಂಡರೆ ಅತ್ತೆ ಯಾಕೆ ಎಂದು ಕೇಳುತ್ತಾರೆ. ನಾನು ಕೂತು ಉಣ್ಣುವವಳು, ದುಡಿಯುವವಳು ಆಕೆ ಎಂದು ನನ್ನ ಬಾಯಿಂದಲೇ ಹೇಳಬೇಕೇ? ಬಾಗಿಲ ಹಿಂದೆ ಆಕೆ ತಲೆ ತಗ್ಗಿಸಿ ಕೇಳಿಸಿಕೊಳ್ಳಬೇಕೇ? ಸತ್ತರೂ ಆಗದು. ಮೂರನೆಯ ಸಾಲು ಎಂದು ಹೇಳಿದ್ದೇನೆ, ಮೂರನೆಯ ಸಾಲಿನವಳೇ ಆಗಿ ತೋರಿಸುತ್ತೇನೆ ಎಂದು ಹಟ ಹಿಡಿದೆ.

ಮರುದಿನ ಬೆಳಿಗ್ಗೆ ಸುಲಭಾ ಬಾವಿಗೆ ಹಗ್ಗ ಇಳಿಬಿಡುತ್ತಿದ್ದಳು. ಹಿಂದಿನಿಂದ ಹೋಗಿ ಹಗ್ಗ ಕಸಿದುಕೊಂಡೆ. ನೀನು ಹೋಗಿ ಒಲೆ ಹೊತ್ತಿಸು ಎಂದೆ. ವೈನಿ ನಿಮಗೆ ರೂಢಿ ಇಲ್ಲ, ಕೈ ಬೊಬ್ಬೆ ಏಳುತ್ತದೆ ಎಂದು ಏನೋ ಅನ್ನಲು ಬಂದಳು. ಸ್ವಲ್ಪ ಹೊತ್ತು ಅಲ್ಲೇ ನಿಂತು ನನ್ನನ್ನು ನೋಡಿದಳು, ಕಣ್ಣು ತುಂಬಿಕೊಂಡ ಹಾಗಿತ್ತು. ಏನು ನಾಟಕವಪ್ಪಾ ಇವಳದು ಎಂದುಕೊಂಡೆ. ಮೊದಲ ಕೊಡ ಮೇಲೆ ಬರುವಷ್ಟರಲ್ಲಿ ನನ್ನ ಭುಜ ಕಿತ್ತುಬಂದಿತ್ತು. ಆಮೇಲೆ ಬೀಸುಕಲ್ಲು ನನ್ನದಾಯಿತು. ಒಳ್ಳು ಒನಕೆ ನನ್ನದಾಯಿತು. ಅಂಗಳ ಗುಡಿಸಲು ಬರುತ್ತಿದ್ದ ನಿಂಬೆವ್ವ ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟಳು. ಅವಳ ಮೇಲೂ ಹರಿಹಾಯ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು, ಅರಿಶಿನ ಎಣ್ಣೆ ಹಚ್ಚಿಕೊಂಡು ಮತ್ತೆ ಬೀಸುಕಲ್ಲಿನ ಗೂಟ ಹಿಡಿದೆ. ಬೀಸುವಾಗ ನನ್ನ ಬಾಯಲ್ಲಿ ದೇವರ ಹಾಡಿರುತ್ತಿತ್ತು, ಮನಸ್ಸಿನಲ್ಲಿ ನೆಗೆಣ್ಣಿಯ ಸೊಂಟವಿರುತ್ತಿತ್ತು.

ಸಂಕಟ ಬೇರೆಯೇ ಇತ್ತು. ನಾನು ಬಾವಿ ಬೀಸುಕಲ್ಲು ಎಂದು ಹಿತ್ತಲು ಸೇರಿದ ಮೇಲೆ ಒಲೆಯ ಮುಂದಿನ ನನ್ನ ಜಾಗದಲ್ಲಿ ಸುಲಭಾ ಕೂತಳು. ಒಂದು ದಿನ ನಮ್ಮವರು ಸಾರು ಸುರಿದುಕೊಂಡು, “ಇವತ್ತಿನ ಸಾರು ಭಾಳ ರುಚಿ ಆಗೇದಲ್ಲ,” ಎಂದರು. ಹದಿನೈದು ವರ್ಷ ನನ್ನ ಸಾರು ಉಂಡು ಎದ್ದು ಹೋದ ಮನುಷ್ಯ. ನಾನು ಹೊರಗೆ ಒನಕೆ ಹಿಡಿದು ನಿಂತಿದ್ದೆ. ಅವತ್ತು ಒಳ್ಳಿನಲ್ಲಿದ್ದ ಮೆಣಸಿನಕಾಯಿ ಪುಡಿಯಲ್ಲ, ಹಿಟ್ಟೇ ಆಗಿಹೋಯಿತು.

ಆದರೂ ಲೆಕ್ಕ ನನ್ನ ಕಡೆ ತಿರುಗತೊಡಗಿತ್ತು. ಶ್ರೀಪಾದ ಹೇಳಿದ ಮೂರನೆಯ ಸಾಲಿನ ಊಟ ಈಗ ಹೊಟ್ಟೆಗೆ ಸರಿಯಾಗಿ ಹತ್ತುತ್ತಿತ್ತು, ಉಂಡದ್ದು ಸಂಜೆಯೊಳಗೆ ಕರಗುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ರವಿಕೆಯ ತೋಳು ಸಡಿಲಾದವು. ದಾರದ ಗಂಟುಗಳು ಒಂದಕ್ಕೊಂದು ಹತ್ತಿರ ಬಂದವು. ಅದಕ್ಕಿಂತ ಹೆಚ್ಚಿನ ಸಂತೋಷ ಇನ್ನೊಂದಿತ್ತು. ಕೆಲಸವಿಲ್ಲದೆ ಒಲೆಯ ಮುಂದೆ ಕೂತ ಸುಲಭಾಳ ಕೆನ್ನೆ ತುಂಬುತ್ತಿದ್ದವು. ಕತ್ತು ತುಂಬುತ್ತಿತ್ತು. ಹಿಂದಿನಿಂದ ನೋಡಿದರೆ ಸೊಂಟದ ಬಳಿ ಸೀರೆಯ ನಿರಿಗೆ ಮೊದಲಿನಷ್ಟು ಒಳಗೆ ಹೋಗುತ್ತಿರಲಿಲ್ಲ. ಆಹಾ, ಈಗ ಗೊತ್ತಾಗಲಿ ಎಂದುಕೊಂಡೆ. ನಾನು ಹಾಗೇ ಬಿಡಲಿಲ್ಲ. ಅವಳ ತಾಟಿಗೆ ಎರಡು ಮಿಳ್ಳೆ ತುಪ್ಪ ಹಾಕುತ್ತಿದ್ದೆ. ಶೇಂಗಾ ಉಂಡೆ ಕಟ್ಟಿ ಅವಳ ಗೂಡಿನಲ್ಲಿಡುತ್ತಿದ್ದೆ. ಬೇಡ ವೈನಿ ಎಂದರೆ, ಉಣ್ಣು, ಎಷ್ಟು ಸೊರಗಿದ್ದಿ ನೋಡು ಎಂದು ಗದರಿಸಿ ತಿನ್ನಿಸುತ್ತಿದ್ದೆ. ಮಧ್ಯಾಹ್ನ ಅವಳು ಎದ್ದು ಏನಾದರೂ ಕೆಲಸಕ್ಕೆ ಕೈ ಹಾಕಿದರೆ ಬೈದು ಮಲಗಿಸುತ್ತಿದ್ದೆ. ಮಟಕಿ ಹಳ್ಳಿಯಲ್ಲಿನ ಹೊಲದಿಂದ ವಾಮನ ಬಂದಾಗ, ವೈನಿ ನಿಮ್ಮಂಥವರು ಸಿಗುವುದಿಲ್ಲ ಎಂದು ಹೇಳಿ ನನ್ನ ಕಾಲಿಗೆ ನಮಸ್ಕಾರ ಮಾಡಿದ. ಇವನಿಗೇನಾಯಿತು ಎಂದುಕೊಂಡೆ. ಅತ್ತೆಯೂ ಎಂದೂ ಇಲ್ಲದ್ದು, ಬೀಸುತ್ತಿದ್ದ ನನ್ನ ಬೆನ್ನ ಮೇಲೆ ಒಮ್ಮೆ ಕೈ ಆಡಿಸಿ ಹೋದರು. ಮುದುಕಿಗೆ ನನ್ನ ಸೊಂಟ ಕಂಡಿತು ಎಂದು ಹಿಗ್ಗಿದೆ.

ಮಾಘ ಮುಗಿದು ಫಾಲ್ಗುಣ ಹುಟ್ಟಿತು. ಒಂದು ಮಧ್ಯಾಹ್ನ ತುಳಸಿ ಕಟ್ಟೆಯ ಮರೆಯಲ್ಲಿ ನಿಂತು ದಾರ ಸುತ್ತಿಕೊಂಡೆ. ಗಂಟಿಗೆ ಗಂಟು ಮುಟ್ಟಿತು. ಉಸಿರು ಹಿಡಿಯದೆ ಮುಟ್ಟಿತು. ಅಲ್ಲೇ ಕೂತು ಒಂದು ಗಳಿಗೆ ಕಣ್ಣೀರು ಹಾಕಿದೆ, ಅದನ್ನು ಯಾರೂ ನೋಡಲಿಲ್ಲ. ಅಫಜಲಪುರದ ಚಪ್ಪರದ ಬಾಗಿಲಲ್ಲಿ ನಾನು ಆರತಿ ಹಿಡಿದು ನಿಂತಿರುವುದು, ನನ್ನ ಹಿಂದೆ ಸುಲಭಾ ಅಕ್ಷತೆಯ ಬಟ್ಟಲು ಹಿಡಿದು ನಿಂತಿರುವುದು ಕಣ್ಣಿಗೆ ಕಟ್ಟಿತು. ನಮ್ಮವರು ನೋಡುತ್ತಾರೆ, ಮೀಸೆ ತಿಕ್ಕಿಕೊಳ್ಳುವುದಿಲ್ಲ.

ಎರಡು ದಿನ ಬಿಟ್ಟು ಬೆಳಿಗ್ಗೆ ನೀರು ಸೇದಿ ಒಳಗೆ ಬಂದರೆ ಪಡಸಾಲೆಯ ಕಟ್ಟೆಯ ಮೇಲೆ ಮೋನಪ್ಪ ಪತ್ತಾರ ಕೂತಿದ್ದ. ಮುಂದೆ ಕೆಂಡದ ಅಗ್ಗಿಷ್ಟಿಕೆ, ಕೈಯಲ್ಲಿ ಊದುಗೊಳವೆ, ತೊಡೆಯ ಮೇಲೆ ನಮ್ಮ ಡಾಬು. ಮೆರುಗು ಕೊಡಲು ಕರೆಸಿದ್ದಾರೆ ಎಂದುಕೊಂಡೆ. ಹತ್ತಿರ ಹೋಗಿ ನೋಡಿದೆ. ನವಿಲಿನ ಆಚೆ ಈಚೆ ಒಂದೊಂದರಂತೆ ಎರಡು ಹೊಸ ಬಿಲ್ಲೆ ಬಂದಿದ್ದವು. ಹಳೆಯ ಬಂಗಾರದ ಪಕ್ಕದಲ್ಲಿ ಅವು ಹಳದಿಯಾಗಿ ಎದ್ದು ಕಾಣುತ್ತಿದ್ದವು. ನನ್ನ ಕೈಯಲ್ಲಿದ್ದ ಕೊಡ ನೆಲಕ್ಕೆ ಹೇಗೆ ಇಳಿಸಿದೆನೋ ನೆನಪಿಲ್ಲ. ಪತ್ತಾರನ ಕೈ ತಾಗುವುದಿಲ್ಲ ಎಂದವರು ಯಾರು ಎಂದು ಅತ್ತೆಯನ್ನು ಕೇಳಿದೆ. ನನ್ನ ದನಿ ನಡುಗುತ್ತಿತ್ತು, ಅವರು ಅದನ್ನು ಸಂತೋಷ ಎಂದು ತಿಳಿದರು.

“ಇನ್ನ ಮುಚ್ಚಿಡೋದ್ಯಾಕ, ಐದರಾಗ ಬಿದ್ದದ,” ಎಂದರು. “ಬಸರಿ ಹೊಟ್ಟಿಗೆ ಡಾಬು ಬಿಗಿ ಆಗಬಾರದು. ಅಫಜಲಪುರದಾಗ ಎಲ್ಲಾರೂ ನೋಡ್ಲಿ, ನಮ್ಮ ಸುಲಭಾನ ಬಸರು ಈ ಸಲ ನಿಂತದ ಅಂತ. ನಿನಗ ಹೇಳೋದೇನದ? ಯಾರೂ ಹೇಳೋಕಿನ ಮೊದಲಽ ತಿಳದು ಆಕಿ ಕೈಯಾಗಿನ ಹಗ್ಗ ಕಸಗೊಂಡಾಕಿ ನೀನು.”

ಸುಲಭಾಳಿಗೆ ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಅದಕ್ಕೇ ಈ ಸಲ ದೃಷ್ಟಿಗೆ ಅಂಜಿ ಐದರಲ್ಲಿ ಬೀಳುವವರೆಗೆ ಬಾಯಿ ಬಿಡಬಾರದು ಎಂದು ಮನೆಯಲ್ಲಿ ತುಟಿ ಹೊಲಿದುಕೊಂಡಿದ್ದರು. ನನಗಾದರೂ ಹೇಳಬಹುದಿತ್ತಲ್ಲ ಎನ್ನುವ ಹಾಗಿರಲಿಲ್ಲ. ನಮ್ಮದು ಮಡಿಯ ಮನೆ, ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂಡುತ್ತೇವೆ. ಯಾರು ಕೂತರು ಯಾರು ಕೂಡಲಿಲ್ಲ ಎಂಬುದು ನಿಂಬೆವ್ವನಿಗೂ ಗೊತ್ತಿರುತ್ತದೆ. ಇಷ್ಟು ತಿಂಗಳು ಸುಲಭಾ ಹೊರಗೆ ಕೂತಿರಲಿಲ್ಲ. ಪಕ್ಕದಲ್ಲೇ ಇದ್ದ ಹಿರಿಯ ನೆಗೆಣ್ಣಿಗೆ ಅದು ತಿಳಿಯಲಿಲ್ಲವೆಂದರೆ ಯಾರು ನಂಬುತ್ತಾರೆ? ಎರಡು ಹೆತ್ತವಳು ನಾನು. ಅವಳ ಸೊಂಟವನ್ನು ಹಗಲೆಲ್ಲ ಅಳೆಯುತ್ತಿದ್ದೆ, ಅದು ಯಾಕೆ ತುಂಬುತ್ತಿದೆ ಎಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ.

ನನಗೆ ಸಿಟ್ಟು ಬಂತು. ನಾಚಿಕೆಯಲ್ಲ, ಸಿಟ್ಟೇ. ನಾನು ಎರಡು ಸಲ ಬಸುರಿಯಾದಾಗ ಈ ಡಾಬಿಗೆ ಒಂದು ಕೊಂಡಿಯನ್ನೂ ಯಾರೂ ಸೇರಿಸಲಿಲ್ಲ. ಪೆಟ್ಟಿಗೆಯಲ್ಲಿಡು, ಹೆತ್ತ ಮೇಲೆ ಕಟ್ಟುವಿಯಂತೆ ಎಂದಿದ್ದರು. ನಾನು ನಾಲ್ಕು ಬೆರಳು ಕೇಳಿದ್ದೆ. ಕೇಳಿದವಳಿಗೆ ಸಿಗಲಿಲ್ಲ, ತಲೆ ತಗ್ಗಿಸಿದವಳಿಗೆ ಸಿಕ್ಕಿತು.

ಅತ್ತೆಗೆ ಆವತ್ತು ಮನಸ್ಸು ಉಕ್ಕಿಬಂದಿತ್ತು. ಎಲ್ಲರನ್ನೂ ಪಡಸಾಲೆಗೆ ಕರೆದು, ಮೊದಲು ಹಿರಿಯಳೇ ಕಟ್ಟಿಕೊಳ್ಳಲಿ, ಆಮೇಲೆ ನಿನ್ನ ಕೈಯಿಂದಲೇ ತಂಗಿಗೆ ಕಟ್ಟು ಎಂದು ನನ್ನನ್ನು ಎಳೆದು ನಿಲ್ಲಿಸಿ ಡಾಬು ಸುತ್ತಿದರು. ಕಟ್ ಎಂದು ಕೊಕ್ಕೆ ಬಿತ್ತು. ಎಷ್ಟು ದಿನದಿಂದ ಆ ಸಪ್ಪಳಕ್ಕೆ ಕಾದಿದ್ದೆ! ಅತ್ತೆ ಕೈ ಬಿಟ್ಟರು. ಡಾಬು ನನ್ನ ಸೊಂಟದಿಂದ ಜಾರಿತು, ಮಂಡಿಯಿಂದ ಜಾರಿತು, ನೆಲಕ್ಕೆ ಬಿದ್ದು ಕಾಲ ಸುತ್ತ ಬಳೆಯಂತೆ ಕೂತಿತು.

ಮೋನಪ್ಪ ತಲೆ ಆ ಕಡೆ ತಿರುಗಿಸಿದ. ನಮ್ಮವರು ನಗಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ತಂಗಿಗಾಗಿ ದುಡಿದು ದುಡಿದು ಎಷ್ಟು ಸಣ್ಣಗಾಗಿದ್ದಾಳೆ ನೋಡಿ ನನ್ನ ಸೊಸೆ ಎಂದರು. ಸುಲಭಾ ಬಗ್ಗಲು ಹೋದಳು. ಬಗ್ಗಬೇಡ ಎಂದು ನಾನೇ ಬಗ್ಗಿ ಡಾಬು ಎತ್ತಿ ಅವಳ ಹೊಟ್ಟೆಗೆ ಕಟ್ಟಿದೆ. ನವಿಲು ಸರಿಯಾಗಿ ಹೊಕ್ಕುಳ ಮೇಲೆ ಬಂತು. ಕೊಕ್ಕೆ ಹಾಕುವಾಗ ಅವಳು ನನ್ನ ಬೊಬ್ಬೆ ಕಟ್ಟಿದ ಕೈ ಹಿಡಿದುಕೊಂಡಳು.

“ವೈನಿ, ಹಿಂದಿನ ಎರಡೂ ಸಲ ಬಾವ್ಯಾಗಿನ ಕೊಡಾ ಜಗ್ಗಬೇಕಾದ್ರಽ ನಾ ಕಳಕೊಂಡೆ. ಯಾರಿಗೂ ಹೇಳಿಲ್ಲ, ಕೆಲಸಕ್ಕ ಹಿಂಜರೀತಾಳ ಅಂತಾರಂತ ಅಂಜಿಕಿ. ಈ ಸಲ ನೀವು ಹಗ್ಗ ಕಸಗೊಂಡ್ರಿ. ಈ ಕೂಸು ನಿಮ್ದು.”

ಏನು ಹೇಳಲಿ? ನಿನ್ನನ್ನು ದಪ್ಪ ಮಾಡಲೆಂದು ತುಪ್ಪ ಹಾಕಿದೆ ಎಂದು ಹೇಳಲೇ? ಅದನ್ನು ಹೇಳಿದರೆ ಡಾಬಂತೂ ಹೋಗಿತ್ತು, ಇದ್ದೊಂದು ಹೆಸರೂ ಹೋಗುತ್ತಿತ್ತು. ಹಾಂ, ಹುಷಾರಾಗಿರು ಎಂದಷ್ಟೇ ಅಂದೆ. ಆಗಲೂ ನನಗೆ ಅವಳ ಮೇಲೆ ಹೊಟ್ಟೆಕಿಚ್ಚೇ ಬಂತು. ಅಷ್ಟು ಸುಲಭವಾಗಿ ಕೃತಜ್ಞತೆ ಹೇಳಲು ಬರುವ ಬಾಯಿ ಅವಳಿಗಿತ್ತು, ನನಗಿರಲಿಲ್ಲ.

ಅಫಜಲಪುರಕ್ಕೆ ಸವಾರಿ ಬಂಡಿಯಲ್ಲಿ ಹೊರಟೆವು. ದಾರಿಯಲ್ಲಿ ರಝಾಕಾರರು ಬಂಡಿ ತಡೆದು ಜಡತಿ ಮಾಡಿ ಸಾಮಾನು ಜಾಲಾಡುತ್ತಾರೆ ಎಂದು ಸುದ್ದಿಯಿತ್ತು. ಡಾಬನ್ನು ಎಲ್ಲಿಡುವುದು ಎಂದು ಚರ್ಚೆಯಾಗಿ, ಕೊನೆಗೆ ಹಿಟ್ಟಿನ ಡಬ್ಬಿಯಲ್ಲಿ ಹುದುಗಿಸಿದರು. ನಾನು ಬೀಸಿದ ಹಿಟ್ಟು. ಅವಳ ಡಾಬು. ಆ ಡಬ್ಬಿಯನ್ನು ನನ್ನ ತೊಡೆಯ ಮೇಲೆಯೇ ಇಟ್ಟರು, ವತ್ಸಲಾ ಈಗ ಗಟ್ಟಿಮುಟ್ಟಾಗಿದ್ದಾಳೆ, ಬಂಡಿ ಕುಲುಕಿದರೂ ಬಿಡುವುದಿಲ್ಲ ಎಂದು. ಸುಲಭಾ ಗಾದಿಗೆ ಒರಗಿ ಮಲಗಿದ್ದಳು. ಪುಣ್ಯಕ್ಕೆ ದಾರಿಯಲ್ಲಿ ಯಾರೂ ತಡೆಯಲಿಲ್ಲ. ತಡೆಯಲಿ ಎಂದು ನಾನು ಬಯಸಲಿಲ್ಲ, ಅಷ್ಟರಮಟ್ಟಿಗೆ ಒಳ್ಳೆಯವಳು ನಾನು.

ಚಪ್ಪರದ ಬಾಗಿಲಲ್ಲಿ ಸುಲಭಾ ಆರತಿ ಹಿಡಿದು ಮುಂದೆ ನಡೆದಳು. ಸೊಲ್ಲಾಪುರದ ಬೀಗಿತ್ತಿಯರು ಅವಳ ಹೊಟ್ಟೆ ನೋಡಿದರು, ನವಿಲು ನೋಡಿದರು, ಇವರೇ ದೊಡ್ಡ ಸೊಸೆಯೋ ಎಂದು ಒಬ್ಬಳು ಕೇಳಿದಳು. ಹಿಂದೆ ಅಕ್ಷತೆಯ ಬಟ್ಟಲು ಹಿಡಿದು ನಿಂತವಳು ನಾನು. ಉತ್ತರ ಅತ್ತೆ ಕೊಡುತ್ತಾರೆಂದು ಕಾದೆ. ವಾದ್ಯದ ಸದ್ದಿನಲ್ಲಿ ಅವರಿಗೆ ಕೇಳಿಸಲಿಲ್ಲ.

ಅಕ್ಷತೆ ಮುಗಿದು ಪಂಗ್ತಿ ಬಿತ್ತು. ಮನೆಯವರೇ ಕೊನೆಗೆ ಕೂತ ಪಂಗ್ತಿಯಲ್ಲಿ ಶ್ರೀಪಾದ ಎದುರು ಸಾಲಿಗೆ ಕೂತಿದ್ದ. ನನ್ನನ್ನು ಮೇಲಿಂದ ಕೆಳಗೆ ನೋಡಿ ಹುಬ್ಬು ಹಾರಿಸಿದ. ಲೆಕ್ಕ ಹೊಂದಿತಲ್ಲ ವೈನಿ, ಕೊನೆಗೆ ಯಾವ ಸಾಲು ಹಿಡಿದಿರಿ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು.

“ಮೂರನೇ ಸಾಲು. ದೀಪಾವಳ್ಯಾಗಽ ಆಕಿ ಖರೇ ಹೇಳಿದ್ಲು, ನೀನಽ ಮರತಿ. ಕೂಸು ಹುಟ್ಟಿ ಅದು ನಡಿಯೋ ಮಟಾ ಬಾವಿ, ಬೀಸುಕಲ್ಲು ಎಲ್ಲಾ ವತ್ಸಲಾನಽ ನೋಡ್ಕೋತಾಳ.”

ಪಂಗ್ತಿಯಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆಯಾಡಿಸಿದರು. ನಮ್ಮವರು ನನ್ನ ಕಡೆ ನೋಡಿ ನಕ್ಕರು. ಹೌದು, ಮೆಚ್ಚಿಗೆಯ ನಗುವೇ. ಬೇಕಾದಾಗ ಬರಲಿಲ್ಲ, ಈಗ ಬಂತು. ಆಗ ಸುಲಭಾ ತುಪ್ಪದ ಮಿಳ್ಳೆ ಹಿಡಿದು ಬಡಿಸುತ್ತ ನನ್ನ ಎಲೆಯ ಮುಂದೆ ಬಂದಳು. ನಿಧಾನವಾಗಿ ಸ್ವಲ್ಪವೇ ಬಾಗಿದಳು. ಡಾಬು ನನ್ನ ಕಣ್ಣ ಮಟ್ಟಕ್ಕೆ ಇಳಿಯಿತು. ಹೊಸ ಎರಡು ಬಿಲ್ಲೆ ಹಳೆಯವುಗಳ ನಡುವೆ ಹಳದಿಯಾಗಿ ಹೊಳೆಯುತ್ತಿದ್ದವು. ಇನ್ನೊಂದು ಮದುವೆ ಬರುವಷ್ಟರಲ್ಲಿ ಆ ಎರಡು ಬಿಲ್ಲೆಯಷ್ಟು ನಾನು ಮತ್ತೆ ದಪ್ಪಗಾಗಬೇಕು. ಆದರೆ ನಾಳೆ ಆಳಂದಕ್ಕೆ ಹೋದರೆ ಹಗ್ಗ ನನ್ನದೇ, ಕಲ್ಲು ನನ್ನದೇ. ಉಂಡದ್ದು ಸಂಜೆಯೊಳಗೆ ಕರಗುತ್ತದೆ. ಶ್ರೀಪಾದನ ಲೆಕ್ಕ ತಪ್ಪುವುದಿಲ್ಲ ಎಂದು ಈಗ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಸಾಕೇ ವೈನಿ ಎಂದು ಸುಲಭಾ ಕೇಳಿದಳು. ಇನ್ನೊಂದು ಮಿಳ್ಳೆ ಹಾಕು, ಹಾಗೇ ಇನ್ನೆರಡು ಹೋಳಿಗೆ ಕಳಿಸು ಎಂದೆ.